ಉಪಸರ್ಯಾ: ಗೋವಿನ ಗರ್ಭಧಾರಣಕಾಲವನ್ನು ಮೆದುಳು ನಿಯಮಿಸುವ ಕ್ರಮ

೧. ಶಬ್ದವಿಚಾರ

ಗರ್ಭಧಾರಣೆಗೆ ಕಾಲವೊದಗಿದ ಹಸುವನ್ನು ಹೇಳುವುದಕ್ಕೆ ಸಂಸ್ಕೃತದಲ್ಲಿ ‘ಉಪಸರ್ಯಾ’ ಎಂಬ ಶಬ್ದವುಂಟು. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಈ ಒಂದು ಶಬ್ದಕ್ಕಾಗಿಯೇ ಒಂದು ಸೂತ್ರವನ್ನು ಮಾಡಿರುವನು. ‘ಸಮೀಪಿಸತಕ್ಕದ್ದು’ ಎಂಬ ಸಾಮಾನ್ಯಾರ್ಥದಲ್ಲಿ ‘ಉಪಸಾರ್ಯಾ’ ಎಂದು ದೀರ್ಘವುಳ್ಳ ರೂಪವಾಗುವುದು. ಗರ್ಭಗ್ರಹಣಕ್ಕೆ ಕಾಲವು ಪ್ರಾಪ್ತವಾಗಿದೆಯೆಂಬ ವಿಶೇಷಾರ್ಥವಿದ್ದಾಗ ಮಾತ್ರ ಹ್ರಸ್ವವುಳ್ಳ ರೂಪವು ಸಾಧುವಾಗುವುದು. ಅಮರಸಿಂಹನು ವೈಶ್ಯವರ್ಗದಲ್ಲಿ ಇದೇ ಶಬ್ದವನ್ನು ಹೇಳಿ, ಅದರ ನೆರೆಯಲ್ಲಿಯೇ ಬಂಜೆಯಾದ ಹಸುವಿಗೆ ‘ವಶಾ’ ಎಂದೂ, ಗರ್ಭವು ಜಾರಿಹೋದ ಹಸುವಿಗೆ ‘ಅವತೋಕಾ’ ಎಂದೂ, ಗರ್ಭವನ್ನು ಕೆಡಿಸಿಕೊಳ್ಳುವ ಹಸುವಿಗೆ ‘ವೇಹತ್’ ಎಂದೂ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿರುವನು.

ಕನ್ನಡನಾಡಿನ ಒಕ್ಕಲುಮಕ್ಕಳ ಮಾತಿನಲ್ಲಿಯೂ ಈ ವಿಷಯಕ್ಕೆ ಶಬ್ದದಾರಿದ್ರ್ಯವಿಲ್ಲ. ಬೆದೆಗೆ ಬರುವುದು, ಗಬ್ಬ ನಿಲ್ಲುವುದು, ಕಂದು ಹಾಕುವುದು, ಈಯುವುದು ಎಂಬ ಮಾತುಗಳು ಒಂದೊಂದು ಅವಸ್ಥೆಯನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಆದರೆ ಬೆದೆಗೆ ಬಾರದ ಹಸು, ಬೆದೆಗೆ ಬಂದರೂ ಗಬ್ಬ ನಿಲ್ಲದ ಹಸು, ಹುಟ್ಟಿನಿಂದಲೇ ಬಂಜೆಯಾದ ಹಸು, ಈ ಮೂರಕ್ಕೂ ವ್ಯವಹಾರದಲ್ಲಿ ‘ಗೊಡ್ಡು’ ಎಂಬ ಒಂದೇ ಹೆಸರು ಬೀಳುವುದು. ಈ ಹೆಸರು ಬಿದ್ದ ಹಸುವಿಗೆ ಕೊಟ್ಟಿಗೆಯಲ್ಲಿ ಸ್ಥಳವಿರುವುದಿಲ್ಲ. ಒಂದೆರಡು ಹಸುಗಳನ್ನು ನೆಚ್ಚಿ ಬಾಳುವ ಮನೆಗೆ ಇದರಿಂದಾಗುವ ನಷ್ಟವು ಅಲ್ಪವಲ್ಲ. ಆದಕಾರಣ ‘ವಶಾ’ ಎಂಬುದಕ್ಕೂ ‘ಇನ್ನೂ ಉಪಸರ್ಯಾ ಆಗಿಲ್ಲ’ ಎಂಬುದಕ್ಕೂ ಇರುವ ಭೇದವನ್ನು ವಿಚಾರಿಸುವುದು ಕೇವಲ ನಿಘಂಟಿನ ಕೆಲಸವಲ್ಲ.

ಕಾಲವು ಪ್ರಾಪ್ತವಾಗಿದೆಯೆಂದು ನಿರ್ಣಯಿಸುವ ಕರ್ತೃ ಯಾರು? ಗರ್ಭಕೋಶವೆಂದು ಮೇಲ್ನೋಟಕ್ಕೆ ತೋರುವುದು. ಕಳೆದ ನೂರು ವರ್ಷಗಳ ಶೋಧನೆಗಳಿಂದ ಸಿದ್ಧವಾಗಿರುವುದು ಬೇರೆ: ಆ ನಿರ್ಣಯವು ಮೆದುಳಿನದು. ಗರ್ಭಕೋಶವೂ ಅಂಡಾಶಯವೂ ಅದರ ಆಜ್ಞೆಯನ್ನು ನಡಸುವುವು, ತಮ್ಮ ಸ್ಥಿತಿಯನ್ನು ಅದಕ್ಕೆ ನಿವೇದಿಸುವುವು.

೨. ಆಜ್ಞೆಯ ಮೂಲಸ್ಥಾನ

ಮೆದುಳಿನ ತಳಭಾಗದಲ್ಲಿ ಹೈಪೊಥಲಮಸ್ ಎಂಬ ಸಣ್ಣ ಪ್ರದೇಶವಿದೆ. ಹಸಿವು, ಬಾಯಾರಿಕೆ, ಶರೀರದ ಶಾಖ ಮೊದಲಾದವನ್ನು ಸಮಸ್ಥಿತಿಯಲ್ಲಿಡುವ ಕೆಲಸ ಇದರದು. ಅದರ ಕೆಳಗೆ, ತಲೆಬುರುಡೆಯ ಎಲುಬಿನ ಗುಳಿಯೊಂದರಲ್ಲಿ, ಪಿಟ್ಯೂಟರಿ ಗ್ರಂಥಿಯು ಸಣ್ಣ ತೊಟ್ಟಿನಿಂದ ತೂಗಿಕೊಂಡಿರುವುದು. ಈ ಗ್ರಂಥಿಯು ರಕ್ತಕ್ಕೆ ಬಿಡುವ ರಸಗಳು ಅಂಡಾಶಯವನ್ನು ಪ್ರಚೋದಿಸುತ್ತವೆ. ಒಂದು ಅಂಗದಲ್ಲಿ ಹುಟ್ಟಿ ರಕ್ತದ ಮೂಲಕ ಮತ್ತೊಂದು ಅಂಗವನ್ನು ಎಚ್ಚರಿಸುವ ಇಂಥ ರಸಗಳಿಗೆ ೧೯೦೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಎಂಬ ಶಾಸ್ತ್ರಜ್ಞನು ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ಅದರ ಧಾತುವಿಗೆ ‘ಪ್ರೇರಿಸು’ ಎಂದು ಅರ್ಥ. ಅಂತಃಸ್ರಾವವೆಂಬ ಕನ್ನಡದ ಹೆಸರು ಅದು ಹೊರಡುವ ಬಗೆಯನ್ನು ಹೇಳಿದರೆ, ಮೂಲದ ಹೆಸರು ಅದು ಮಾಡುವ ಕಾರ್ಯವನ್ನು ಹೇಳುವುದು.

ಬಹುಕಾಲ ಪಿಟ್ಯೂಟರಿಯೇ ಸ್ವತಂತ್ರ ಕರ್ತೃವೆಂದು ಎಣಿಸಲ್ಪಟ್ಟಿತ್ತು. ೧೯೩೭ರಲ್ಲಿ ಜಾಫ್ರಿ ಹ್ಯಾರಿಸ್ ಎಂಬ ಇಂಗ್ಲಿಷ್ ಶಾಸ್ತ್ರಜ್ಞನು ಮೊಲದ ಹೈಪೊಥಲಮಸಿಗೆ ವಿದ್ಯುತ್ತಿನ ಸೂಕ್ಷ್ಮ ಪ್ರಚೋದನೆಯನ್ನು ಕೊಟ್ಟು, ಅದರಿಂದ ಅಂಡವು ಬಿಡುಗಡೆಯಾಗುವುದನ್ನು ತೋರಿಸಿದನು. ಮೆದುಳಿಗೂ ಪಿಟ್ಯೂಟರಿಯ ಮುಂಭಾಗಕ್ಕೂ ನರಗಳ ಸಂಬಂಧವು ಗಣನೀಯವಾಗಿಲ್ಲದಿರುವಾಗ ಆಜ್ಞೆಯು ಯಾವ ದಾರಿಯಿಂದ ಹೋಗುವುದೆಂಬ ಪ್ರಶ್ನೆ ಉಳಿಯಿತು. ತೊಟ್ಟಿನಲ್ಲಿ ಮೇಲಿಂದ ಕೆಳಗೆ ಹರಿಯುವ ಸಣ್ಣ ರಕ್ತನಾಳಗಳ ಜಾಲವೇ ಆ ದಾರಿಯೆಂದು ಹ್ಯಾರಿಸನು ಸಾಧಿಸಿದನು. ೧೯೫೨ರಲ್ಲಿ ಅವನೂ ಡೋರಾ ಯಾಕೊಬ್‌ಸೋನ್ ಎಂಬವಳೂ ಸೇರಿ ಇಲಿಗಳ ಪಿಟ್ಯೂಟರಿಯನ್ನು ತೆಗೆದು, ಬೇರೆ ಇಲಿಯ ಗ್ರಂಥಿಯನ್ನು ನಾಟಿಮಾಡಿದರು. ಹೈಪೊಥಲಮಸಿನ ಕೆಳಗೆ, ಆ ನಾಳಗಳು ತಲಪುವ ಸ್ಥಳದಲ್ಲಿ ನೆಟ್ಟಾಗ ಋತುಚಕ್ರವು ಮರಳಿತು. ಮೆದುಳಿನ ಬೇರೊಂದು ಭಾಗದ ಕೆಳಗೆ ನೆಟ್ಟಾಗ ಮರಳಲಿಲ್ಲ. ಗ್ರಂಥಿ ಜೀವಂತವಾಗಿದ್ದರೆ ಸಾಲದು, ಅದಕ್ಕೆ ಮೇಲಿನಿಂದ ಅಪ್ಪಣೆ ಬರಬೇಕೆಂಬುದು ಇದರಿಂದ ಸಿದ್ಧಿಸಿತು.

ಆ ಅಪ್ಪಣೆಯ ವಸ್ತುವನ್ನು ಹಿಡಿಯಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಮೆರಿಕದಲ್ಲಿ ಆಂಡ್ರೂ ಶಾಲಿಯು ಹಂದಿಗಳ ಮೆದುಳಿನಿಂದಲೂ, ರೋಜರ್ ಗಿಯ್ಮೆ ಎಂಬವನು ಕುರಿಗಳ ಮೆದುಳಿನಿಂದಲೂ ಅದನ್ನು ಬೇರ್ಪಡಿಸಿದರು. ೧೯೭೧ರಲ್ಲಿ ಶಾಲಿಯ ಬಳಗದವರು ಅದರ ರಚನೆಯನ್ನು ಪ್ರಕಟಿಸಿದರು. ಅದು ಕೇವಲ ೧೦ ಅಮೈನೊ ಆಮ್ಲಗಳ ಸರಪಣಿ. ಕಸಾಯಿಖಾನೆಗಳಿಂದ ತಂದ ಲಕ್ಷಕ್ಕೂ ಮಿಕ್ಕ ಹೈಪೊಥಲಮಸುಗಳನ್ನು ಅರೆದು ಸೋಸಿದ ಮೇಲೆ ದೊರೆತದ್ದು ಅತ್ಯಲ್ಪ ಪ್ರಮಾಣದ ಪುಡಿ. ಇಬ್ಬರೂ ೧೯೭೭ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಈ ವಸ್ತುವಿಗೆ ಶಾಸ್ತ್ರದಲ್ಲಿ ಜಿ.ಎನ್.ಆರ್.ಎಚ್. ಎಂಬ ಸಂಕ್ಷೇಪನಾಮವಿದೆ. ಇದರ ಪ್ರೇರಣೆಯಿಂದ ಪಿಟ್ಯೂಟರಿಯು ಎಫ್.ಎಸ್.ಎಚ್., ಎಲ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ಬಿಡುವುದು. ಹಸುವಿನಲ್ಲಿ ಅಂಡಾಶಯವನ್ನು ಎಚ್ಚರಿಸುವ ಈ ಎರಡೇ ಹೋರಿಯಲ್ಲಿ ವೃಷಣವನ್ನು ಎಚ್ಚರಿಸುವುವು.

ಈ ಅಪ್ಪಣೆಯು ಎಡೆಬಿಡದೆ ಸುರಿಯುವ ಧಾರೆಯಲ್ಲ, ನಾಡಿಯಂತೆ ಬಿಟ್ಟು ಬಿಟ್ಟು ಮಿಡಿಯುವ ಮಿಡಿತ. ೧೯೭೮ರಲ್ಲಿ ಅರ್ನ್‌ಸ್ಟ್ ಕ್ನೋಬಿಲ್ ಎಂಬವನ ಬಳಗವು ಕೋತಿಗಳಲ್ಲಿ ಇದನ್ನು ಪರೀಕ್ಷಿಸಿತು. ಗಂಟೆಗೊಮ್ಮೆ ಜಿ.ಎನ್.ಆರ್.ಎಚ್. ಅನ್ನು ಕೊಟ್ಟಾಗ ಪಿಟ್ಯೂಟರಿಯು ಕೆಲಸಮಾಡಿತು. ಅದನ್ನೇ ನಿರಂತರವಾಗಿ ಹರಿಸಿದಾಗ ಗ್ರಂಥಿಯು ಸುಮ್ಮನಾಯಿತು. ೧೯೮೨ರಲ್ಲಿ ಆಸ್ಟ್ರೇಲಿಯದ ಕ್ಲಾರ್ಕ್ ಮತ್ತು ಕಮಿನ್ಸ್ ಎಂಬವರು ಎಚ್ಚರವಾಗಿದ್ದ ಕುರಿಗಳ ಆ ಸಣ್ಣ ನಾಳಗಳಿಂದಲೇ ರಕ್ತವನ್ನು ತೆಗೆದು, ಜಿ.ಎನ್.ಆರ್.ಎಚ್. ಮಿಡಿದಾಗಲೆಲ್ಲ ಎಲ್.ಎಚ್. ಸಹ ಮಿಡಿಯುವುದನ್ನು ಕಂಡರು. ಮಿಡಿತವು ಶೀಘ್ರವಾದರೆ ಅಂಡವು ಪಕ್ವವಾಗುವುದು. ಮಂದವಾದರೆ ಪಕ್ವವಾಗದೆ ಸೊರಗುವುದು. ಮುಂದೆ ಹೇಳುವುದೆಲ್ಲವೂ ಈ ಮಿಡಿತವನ್ನು ಯಾವುದು ಚುರುಕುಮಾಡುವುದು, ಯಾವುದು ತಡೆಯುವುದು ಎಂಬುದರ ವಿವರಣೆಯೇ.

೩. ಇಪ್ಪತ್ತೊಂದು ದಿನಗಳ ಚಕ್ರ

ಹಸುವಿನ ಋತುಚಕ್ರವು ಸಾಮಾನ್ಯವಾಗಿ ೨೧ ದಿನಗಳದು. ೧೮ರಿಂದ ೨೪ ದಿನಗಳವರೆಗೆ ವ್ಯತ್ಯಾಸವಿರಬಹುದು. ಅಂಡಾಶಯದಲ್ಲಿ ಅಂಡವನ್ನು ಒಳಗೊಂಡ ನೀರ್ಗುಳ್ಳೆಗಳು ಬೆಳೆಯುತ್ತಿರುವುವು. ಇವಕ್ಕೆ ಪುಟಕಗಳೆಂದು ಹೆಸರು. ಒಂದು ಚಕ್ರದಲ್ಲಿ ಎರಡು ಅಥವಾ ಮೂರು ಸಾರಿ ಪುಟಕಗಳ ಗುಂಪು ಅಲೆಯಂತೆ ಏಳುವುದು. ಪ್ರತಿಸಾರಿಯೂ ಒಂದು ಮಾತ್ರ ಮಿಕ್ಕವನ್ನು ಮೀರಿ ದೊಡ್ಡದಾಗುವುದು. ದೊಡ್ಡದಾದ ಪುಟಕವು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸುರಿಸುವುದು. ಇದು ಮೆದುಳಿಗೆ ಹೋಗಿ ಎರಡು ಕಾರ್ಯಗಳನ್ನು ಮಾಡುವುದು. ಹಸುವನ್ನು ಬೆದೆಗೆ ತರುವುದು ಒಂದು, ಜಿ.ಎನ್.ಆರ್.ಎಚ್. ಒಮ್ಮೆಗೇ ಉಕ್ಕಿಬರುವಂತೆ ಮಾಡುವುದು ಇನ್ನೊಂದು. ಆ ಉಕ್ಕಿನಿಂದ ಎಲ್.ಎಚ್. ಉಕ್ಕಿ, ಬೆದೆಯು ಆರಂಭವಾದ ಸುಮಾರು ೨೫ರಿಂದ ೩೦ ಗಂಟೆಗಳಿಗೆ ಪುಟಕವು ಒಡೆದು ಅಂಡವು ಹೊರಬರುವುದು. ಹೀಗೆ ಬೆದೆಯ ನಡತೆಗೂ ಅಂಡದ ಬಿಡುಗಡೆಗೂ ಒಂದೇ ಕಾರಣವಿರುವುದರಿಂದಲೇ ಹೊರಗಿನ ಲಕ್ಷಣವನ್ನು ನೋಡಿ ಒಳಗಿನ ಕಾಲವನ್ನು ಊಹಿಸಲು ಸಾಧ್ಯವಾಗಿದೆ.

ಇಲ್ಲಿ ಒಂದು ಶಂಕೆಯುಂಟು. ಚಕ್ರದ ಉಳಿದ ದಿನಗಳಲ್ಲಿ ಇದೇ ಈಸ್ಟ್ರೋಜನ್ ಮೆದುಳಿನ ಅಪ್ಪಣೆಯನ್ನು ತಗ್ಗಿಸುವುದೆಂದು ಪರೀಕ್ಷೆಗಳು ತೋರಿಸಿವೆ. ತಗ್ಗಿಸುವ ವಸ್ತುವೇ ಉಕ್ಕಿಸುವ ವಸ್ತುವೂ ಆಗುವುದು ಹೇಗೆ? ಸಮಾಧಾನವೇನೆಂದರೆ, ಕಾರ್ಯಭೇದವು ವಸ್ತುಭೇದದಿಂದಲ್ಲ, ಪರಿಮಾಣಭೇದದಿಂದಲೂ ಸಂದರ್ಭಭೇದದಿಂದಲೂ ಆಗುವುದು. ಈಸ್ಟ್ರೋಜನ್ ಸ್ವಲ್ಪವಿದ್ದಾಗ ತಡೆಯುವುದು. ಬಹಳವಾಗಿ, ಸಾಕಷ್ಟು ಹೊತ್ತು ನಿಂತು, ಅದನ್ನು ವಿರೋಧಿಸುವ ಪ್ರೊಜೆಸ್ಟರೋನ್ ಇಲ್ಲದಿದ್ದಾಗ ಉಕ್ಕಿಸುವುದು. ಜಿ.ಎನ್.ಆರ್.ಎಚ್. ಅನ್ನು ಹುಟ್ಟಿಸುವ ನರಕಣಗಳಿಗೆ ಈಸ್ಟ್ರೋಜನ್ನಿನ ಈ ಸಂದೇಶವನ್ನು ನೇರವಾಗಿ ಗ್ರಹಿಸುವ ಶಕ್ತಿಯಿಲ್ಲ. ಅವುಗಳ ಸಮೀಪದ ಬೇರೆ ನರಕಣಗಳು ಅದನ್ನು ಗ್ರಹಿಸಿ, ಕಿಸ್‌ಪೆಪ್ಟಿನ್ ಎಂಬ ವಸ್ತುವಿನ ಮೂಲಕ ತಿಳಿಸುತ್ತವೆ. ಸಂತಾನಶಕ್ತಿಗೆ ಈ ವಸ್ತುವು ಅನಿವಾರ್ಯವೆಂಬುದು ೨೦೦೩ರಲ್ಲಿ, ಯೌವನವೇ ಬಾರದ ಕೆಲವು ಮನುಷ್ಯರನ್ನು ಪರೀಕ್ಷಿಸಿದಾಗ ಗೊತ್ತಾಯಿತು.

ಒಡೆದ ಪುಟಕವು ವ್ಯರ್ಥವಾಗುವುದಿಲ್ಲ. ಅದೇ ಸ್ಥಳದಲ್ಲಿ ಹಳದಿಯ ಗಂಟೊಂದು ಬೆಳೆಯುವುದು. ಪೀತಪಿಂಡವೆಂಬ ಹೆಸರು ಇದಕ್ಕೆ ಸಲ್ಲುತ್ತದೆ. ಇದು ಸುರಿಸುವ ಪ್ರೊಜೆಸ್ಟರೋನ್ ಗರ್ಭಕೋಶವನ್ನು ಭ್ರೂಣಕ್ಕಾಗಿ ಸಿದ್ಧಗೊಳಿಸುವುದಲ್ಲದೆ, ಮೆದುಳಿನ ಮಿಡಿತವನ್ನು ಮಂದಗೊಳಿಸಿ ಹೊಸ ಬೆದೆಯನ್ನು ತಡೆಯುವುದು.

ಭ್ರೂಣವು ನಿಲ್ಲದಿದ್ದರೆ ಈ ತಡೆಯನ್ನು ತೆಗೆಯುವವರು ಯಾರು? ೧೯೨೩ರಲ್ಲಿ ಲಿಯೊ ಲೋಬ್ ಎಂಬವನು ಗಿನಿಹಂದಿಗಳ ಗರ್ಭಕೋಶವನ್ನು ತೆಗೆದಾಗ ಪೀತಪಿಂಡವು ಕಾಲ ಮೀರಿಯೂ ಉಳಿಯುವುದನ್ನು ಕಂಡನು. ಅದನ್ನು ಕರಗಿಸುವ ಅಪ್ಪಣೆಯು ಗರ್ಭಕೋಶದಿಂದಲೇ ಹೊರಡುವುದೆಂದು ಇದರಿಂದ ತಿಳಿದುಬಂದಿತು. ಆ ವಸ್ತುವು ಪ್ರೋಸ್ಟಾಗ್ಲಾಂಡಿನ್. ಹಸುವಿನಲ್ಲಿ ಚಕ್ರದ ಸುಮಾರು ೧೬ನೆಯ ದಿನದಿಂದ ಗರ್ಭಕೋಶವು ಇದನ್ನು ಬಿಡಲು ತೊಡಗುವುದು. ಶರೀರವನ್ನೆಲ್ಲ ಸುತ್ತಿಬಂದರೆ ಶ್ವಾಸಕೋಶದಲ್ಲಿ ಇದರ ಬಹುಭಾಗವು ನಾಶವಾಗುವುದು. ಆದಕಾರಣ ಗರ್ಭಕೋಶದ ಸಿರೆಯಿಂದ, ಅದಕ್ಕೆ ಹೆಣೆದುಕೊಂಡಿರುವ ಅಂಡಾಶಯದ ಧಮನಿಗೆ ಗೋಡೆಯ ಮೂಲಕವೇ ಒಸರಿಹೋಗುವ ಒಳದಾರಿಯೊಂದು ಏರ್ಪಟ್ಟಿದೆ. ಪೀತಪಿಂಡವು ಕರಗುವುದು, ಪ್ರೊಜೆಸ್ಟರೋನ್ ಇಳಿಯುವುದು, ಮಿಡಿತವು ಚುರುಕಾಗುವುದು, ಹಸು ಮತ್ತೆ ಉಪಸರ್ಯಾ ಆಗುವುದು.

ಭ್ರೂಣವಿದ್ದರೆ ಅದು ಆ ಗಡುವಿಗೆ ಮೊದಲೇ ತನ್ನ ಇರವನ್ನು ತಾಯಿಗೆ ತಿಳಿಸಬೇಕು. ಇನ್ನೂ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳದೆ ದಾರದಂತೆ ನೀಳವಾಗುತ್ತಿರುವ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ವಸ್ತುವನ್ನು ಹೊರಸೂಸಿ ಪ್ರೋಸ್ಟಾಗ್ಲಾಂಡಿನ್ನಿನ ಬಿಡುಗಡೆಯನ್ನು ತಡೆಯುವುದು. ಭ್ರೂಣವು ಬಲಹೀನವಾಗಿ ಈ ವಾರ್ತೆಯನ್ನು ತಡವಾಗಿ ಕಳುಹಿಸಿದರೆ, ಜೀವವಿದ್ದರೂ ಅದಕ್ಕೆ ನೆಲೆಯಿಲ್ಲ. ‘ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ’ ಎಂದು ಹೇಳುವ ಅನೇಕ ಸಂದರ್ಭಗಳಲ್ಲಿ ಗಬ್ಬವು ಕಟ್ಟಿಯೇ ಇದ್ದು, ಮೊದಲ ಕೆಲವು ವಾರಗಳಲ್ಲಿ ಹೀಗೆ ಕಾಣದಂತೆ ಹೋಗಿರುವುದು.

೪. ಮೆದುಳಿಗೆ ಮುಟ್ಟುವ ವರದಿಗಳು

ಮೆದುಳು ಅಂಡಾಶಯದ ಮಾತನ್ನು ಮಾತ್ರ ಕೇಳುವುದಿಲ್ಲ. ಗರ್ಭವೆಂಬುದು ಹಸುವಿಗೆ ಒಂಬತ್ತು ತಿಂಗಳಿಗೂ ಮಿಕ್ಕ ಹೊಣೆ, ಅದರ ಮೇಲೆ ಹಾಲೂಡುವ ಹೊಣೆ. ಅದನ್ನು ಹೊರಲು ಶರೀರಕ್ಕೆ ಶಕ್ತಿಯುಂಟೇ, ಹೊರಗಿನ ಕಾಲವು ಅನುಕೂಲವೇ ಎಂಬುದನ್ನು ಮೆದುಳು ಮೊದಲು ವಿಚಾರಿಸುವುದು.

ಮೊದಲನೆಯ ವರದಿ ಮೇವಿನದು. ಈದ ಹೊಸದರಲ್ಲಿ ಹಾಲಿಗಾಗಿ ಖರ್ಚಾಗುವ ಶಕ್ತಿಯು ತಿಂದ ಮೇವಿನಿಂದ ಬರುವ ಶಕ್ತಿಯನ್ನು ಮೀರುವುದು. ಹಸು ತನ್ನ ಮೈಯ ಕೊಬ್ಬನ್ನು ಕರಗಿಸಿ ಹಾಲು ಕೊಡುವುದು. ರಕ್ತದ ಸಕ್ಕರೆ, ಇನ್ಸುಲಿನ್, ೧೯೯೪ರಲ್ಲಿ ಗೊತ್ತಾದ ಕೊಬ್ಬಿನ ಹಾರ್ಮೋನಾದ ಲೆಪ್ಟಿನ್, ಇವು ತಗ್ಗಿದಾಗ ಮೆದುಳು ಅದನ್ನು ಬರಗಾಲವೆಂದೇ ತಿಳಿಯುವುದು. ಎಲ್.ಎಚ್. ಮಿಡಿತವು ಸುಮಾರು ಗಂಟೆಗೊಮ್ಮೆಯಾದರೂ ಆಗದಿದ್ದರೆ ದೊಡ್ಡ ಪುಟಕವು ಪಕ್ವವಾಗದು. ಆಗ ಪುಟಕಗಳು ಅಲೆಯಲೆಯಾಗಿ ಎದ್ದು, ಒಡೆಯದೆ ಬತ್ತಿಹೋಗುವುವು. ಅಂಡಾಶಯವು ನಿರ್ದುಷ್ಟವಾಗಿದೆ, ಗರ್ಭಕೋಶವು ನಿರ್ದುಷ್ಟವಾಗಿದೆ. ಆದರೂ ಹಸು ಬೆದೆಗೆ ಬಾರದು. ಎಲುಬು ಕಾಣುವ ಹಸುವನ್ನು ಗೊಡ್ಡೆಂದು ಕರೆಯುವುದು ಆದುದರಿಂದ ಅನ್ಯಾಯವಾಗುವುದು; ಮೆದುಳು ಅಲ್ಲಿ ಹಸುವಿನ ಪ್ರಾಣವನ್ನು ಕಾಯುತ್ತಿದೆ.

ಎರಡನೆಯ ವರದಿ ಕರುವಿನದು. ಕರುವು ಸದಾ ಜೊತೆಯಲ್ಲಿದ್ದು ಮೊಲೆಯುಣ್ಣುತ್ತಿರುವ ಹಸು ಬೆದೆಗೆ ಬರುವುದು ತಡವೆಂಬುದು ದನ ಸಾಕುವವರಿಗೆಲ್ಲ ಗೊತ್ತು. ಮೊಲೆಯ ಸ್ಪರ್ಶವೇ ಇದಕ್ಕೆ ಕಾರಣವೆಂದು ಎಣಿಸುವುದು ಸಹಜ. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳ ಮೇಲೆ ನಡೆದ ಪರೀಕ್ಷೆಗಳು ಬೇರೆ ಫಲವನ್ನು ಕೊಟ್ಟವು. ಕೆಚ್ಚಲಿನ ನರಗಳನ್ನು ಕತ್ತರಿಸಿದ ಮೇಲೂ ತಡೆಯು ಉಳಿಯಿತು. ಪರಕೀಯವಾದ ಕರು ಉಂಡಾಗ ತಡೆಯು ಉಂಟಾಗಲಿಲ್ಲ. ಕಣ್ಣು ಮೂಗುಗಳೆರಡರಿಂದಲೂ ತನ್ನ ಕರುವನ್ನು ಗುರುತಿಸಲಾರದಂತೆ ಮಾಡಿದಾಗ ತಡೆಯು ಹೋಯಿತು. ತಡೆಯುವುದು ಬಾಯಿಯಲ್ಲ, ‘ಇದು ನನ್ನ ಕರು’ ಎಂಬ ತಾಯಿಯ ಅರಿವು. ವಾತ್ಸಲ್ಯವೆಂಬ ಶಬ್ದವು ವತ್ಸದಿಂದಲೇ, ಎಂದರೆ ಕರುವಿನಿಂದಲೇ, ಹುಟ್ಟಿರುವುದು. ಅದು ಶರೀರಧರ್ಮವನ್ನು ಇಷ್ಟರಮಟ್ಟಿಗೆ ಆಳುವುದೆಂಬುದು ಶಬ್ದಶಾಸ್ತ್ರಜ್ಞರಿಗೂ ಮನನಯೋಗ್ಯವಾಗಿದೆ.

ಮೂರನೆಯ ವರದಿ ಬೆಳಕಿನದು. ಹಸುವು ವರ್ಷದ ಎಲ್ಲ ಕಾಲದಲ್ಲಿಯೂ ಬೆದೆಗೆ ಬರಬಲ್ಲದು. ಶೀತದೇಶಗಳ ಕುರಿ ಹಾಗಲ್ಲ. ಹಗಲು ಕುಗ್ಗುವ ಶರತ್ಕಾಲದಲ್ಲಿ ಅದು ಬೆದೆಗೆ ಬಂದು, ಐದು ತಿಂಗಳ ಮೇಲೆ ಹುಲ್ಲು ಚಿಗುರುವ ವಸಂತದಲ್ಲಿ ಈಯುವುದು. ಹನ್ನೊಂದು ತಿಂಗಳು ಗರ್ಭ ಧರಿಸುವ ಕುದುರೆಯು, ಅದೇ ವಸಂತದಲ್ಲಿ ಈಯುವುದಕ್ಕಾಗಿ, ಹಗಲು ಹಿಗ್ಗುವಾಗ ಬೆದೆಗೆ ಬರುವುದು. ೧೯೪೯ರಲ್ಲಿ ಯೇಟ್ಸ್ ಎಂಬವನು ಇಂಗ್ಲೆಂಡಿನಲ್ಲಿ ದೀಪಗಳಿಂದ ಹಗಲಿನ ಕ್ರಮವನ್ನು ತಿರುಗಿಸಿ, ಕುರಿಗಳ ಋತುವೂ ತಿರುಗುವುದನ್ನು ತೋರಿಸಿದನು. ರಾತ್ರಿಯ ದೈರ್ಘ್ಯವನ್ನು ಅಳೆದು ಹೇಳುವುದು ಮೆದುಳಿನ ಪೀನಿಯಲ್ ಗ್ರಂಥಿ. ಕತ್ತಲೆಯಲ್ಲಿ ಅದು ಸುರಿಸುವ ಮೆಲಟೋನಿನ್ ಅನ್ನು ೧೯೫೮ರಲ್ಲಿ ಆರನ್ ಲರ್ನರ್ ಎಂಬವನು ದನಗಳ ಗ್ರಂಥಿಗಳಿಂದಲೇ ಬೇರ್ಪಡಿಸಿದನು. ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೆದೆಯ ಕಾಲವಲ್ಲದಾಗ ಕುರಿಗಳಿಗೆ ಕಿಸ್‌ಪೆಪ್ಟಿನ್ ಹರಿಸಿದರೆ ಅಂಡವು ಬಿಡುಗಡೆಯಾಯಿತು. ಅಂಡಾಶಯವು ಸಿದ್ಧವಾಗಿಯೇ ಇದ್ದು, ಮೇಲಿನ ಅಪ್ಪಣೆಗಾಗಿ ಕಾದಿತ್ತೆಂಬುದು ಇದರ ತಾತ್ಪರ್ಯ. ‘ಋತು’ ಎಂಬ ಒಂದೇ ಶಬ್ದವು ವರ್ಷದ ಭಾಗವನ್ನೂ ಗರ್ಭಯೋಗ್ಯವಾದ ಕಾಲವನ್ನೂ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ಬೇಕಿಲ್ಲ.

ಸಮಭಾಜಕವೃತ್ತಕ್ಕೆ ಸಮೀಪವಾದ ನಾಡುಗಳಲ್ಲಿ ಹಗಲಿರುಳುಗಳ ವ್ಯತ್ಯಾಸ ಅಲ್ಪವಾದ್ದರಿಂದ, ಅಲ್ಲಿಯ ಕುರಿಗಳಿಗೆ ಬೆಳಕಿಗಿಂತ ಮಳೆ ಮೇವುಗಳೇ ಹೆಚ್ಚು ಪ್ರಮಾಣ. ಎಮ್ಮೆಯ ಸ್ಥಿತಿ ನಡುವಿನದು: ಉತ್ತರ ಹಿಂದುಸ್ಥಾನದಲ್ಲಿ ಅದು ಹಗಲು ಕುಗ್ಗುವ ತಿಂಗಳುಗಳಲ್ಲಿ ಹೆಚ್ಚಾಗಿ ಬೆದೆಗೆ ಬರುವುದು, ಬೇಸಗೆಯಲ್ಲಿ ಕಡಿಮೆ. ಬೆದೆಯಲ್ಲಿರುವ ಎಮ್ಮೆಯು ಹಸುವಿನಂತೆ ಇತರ ದನಗಳ ಮೇಲೇರುವುದು ಅಪರೂಪ. ಅಂಡವು ಬಿಡುಗಡೆಯಾದರೂ ಹೊರಲಕ್ಷಣ ಕಾಣದ ಇಂಥ ಬೆದೆಯನ್ನು ಮೂಕಬೆದೆ ಎನ್ನುವರು.

ನಾಲ್ಕನೆಯ ವರದಿ ಭಯತಾಪಗಳದು. ಬೆದರಿದ, ಕುಂಟುವ, ಬಿಸಿಲಿನಲ್ಲಿ ಬೆಂದ ಹಸುವಿನಲ್ಲಿ ಎಲ್.ಎಚ್. ಉಕ್ಕು ತಡವಾಗಬಹುದು ಅಥವಾ ಆಗದೆ ಹೋಗಬಹುದು. ಹಾಲು ಕರೆಯುವಾಗಲೂ ಇದನ್ನು ಕಾಣಬಹುದು. ಸೊರೆ ಬಿಡಿಸುವ ಆಕ್ಸಿಟೋಸಿನ್ ಸಹ ಮೆದುಳಿನ ಹಾರ್ಮೋನೇ. ಹೆದರಿದಾಗ ಹೊರಡುವ ಅಡ್ರಿನಲಿನ್ ಅದರ ಕಾರ್ಯವನ್ನು ಕೆಡಿಸುವುದೆಂದು ೧೯೪೧ರಲ್ಲಿ ಈಲಿ ಮತ್ತು ಪೀಟರ್ಸನ್ ಎಂಬವರು ತೋರಿಸಿದರು. ಹೊಡೆದು ಕರೆಯುವವನಿಗೆ ಹಸು ಸೊರೆ ಬಿಡದಿರುವುದು ಹಟವಲ್ಲ.

೫. ವಶಾ ಯಾವುದು, ಅಲ್ಲದ್ದು ಯಾವುದು

ನಿಜವಾದ ವಶಾ ಇಲ್ಲವೆಂದಲ್ಲ. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಬಂಜೆಯಾಗಿರುವುವು. ಗರ್ಭದಲ್ಲಿ ಎರಡರ ರಕ್ತನಾಳಗಳು ಕೂಡಿಕೊಂಡು, ಗಂಡಿನ ಹಾರ್ಮೋನುಗಳು ಹೆಣ್ಣಿನ ಅಂಗಗಳ ಬೆಳವಣಿಗೆಯನ್ನು ಕೆಡಿಸುವುದೇ ಇದರ ಕಾರಣವೆಂದು ೧೯೧೬ರಲ್ಲಿ ಫ್ರ್ಯಾಂಕ್ ಲಿಲಿ ಎಂಬವನು ಪ್ರತಿಪಾದಿಸಿದನು. ಇಂಥ ಕಡಸಿಗೆ ಮೇವಿನಿಂದಲೂ ಮದ್ದಿನಿಂದಲೂ ಪ್ರಯೋಜನವಿಲ್ಲ. ಕಂದು ಹಾಕಿಸುವ ರೋಗಗಳೂ ಗರ್ಭಕೋಶದ ಕೀವೂ ಬೇರೆಯವೇ. ಅವಕ್ಕೆ ಪಶುವೈದ್ಯನ ಚಿಕಿತ್ಸೆ ಬೇಕು. ಇವುಗಳನ್ನು ಬಿಟ್ಟು ಉಳಿದ ‘ಗೊಡ್ಡು’ಗಳಲ್ಲಿ ಎರಡು ಬಗೆ: ಮೆದುಳು ಅಪ್ಪಣೆ ಕೊಡದಿರುವುದು ಒಂದು, ಅಪ್ಪಣೆಯಾಗಿ ಬೆದೆ ಬಂದರೂ ಒಡೆಯನ ಕಣ್ಣಿಗೆ ಬೀಳದಿರುವುದು ಇನ್ನೊಂದು.

ಎರಡನೆಯದು ಕಡಿಮೆಯಲ್ಲ. ಬೆದೆಯು ಸುಮಾರು ೧೨ರಿಂದ ೧೮ ಗಂಟೆಗಳದು. ಬಹಳ ಹಾಲು ಕರೆಯುವ ಹಸುಗಳಲ್ಲಿ ಇನ್ನೂ ಚಿಕ್ಕದು. ಅನೇಕವೇಳೆ ರಾತ್ರಿಯಲ್ಲಿಯೇ ಕಳೆದುಹೋಗುವುದು. ಈದ ಮೇಲಿನ ಮೊದಲನೆಯ ಅಂಡವಂತೂ ಸಾಧಾರಣವಾಗಿ ಮೂಕವಾಗಿಯೇ ಬಿಡುಗಡೆಯಾಗುವುದು. ಬೆದೆಯ ನಡತೆ ಚೆನ್ನಾಗಿ ತೋರಬೇಕಾದರೆ ಮೆದುಳು ಮೊದಲು ಕೆಲವು ದಿನ ಪ್ರೊಜೆಸ್ಟರೋನನ್ನು ಕಂಡಿರಬೇಕು. ಒಂದು ಬೆದೆ ತಪ್ಪಿದರೆ ೨೧ ದಿನಗಳ ನಷ್ಟ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ವೀರ್ಯದಾನ ಮಾಡಿಸತಕ್ಕದ್ದೆಂಬ ನಿಯಮವು ಅಮೆರಿಕದ ಟ್ರಿಂಬರ್ಗರ್ ಎಂಬವನು ೧೯೪೮ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಬಂದದ್ದು. ಹಿಂದುಸ್ಥಾನದಲ್ಲಿ ಕೃತಕ ವೀರ್ಯದಾನವು ಮೊದಲು ನಡೆದದ್ದು ೧೯೩೯ರಲ್ಲಿ, ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ, ಸಂಪತ್ಕುಮಾರನ್ ಎಂಬವರಿಂದ. ಹೋರಿಯು ಹಿಂಡಿನಲ್ಲಿದ್ದಾಗ ಕಾಲವನ್ನು ಅದೇ ಮೂಸಿ ತಿಳಿಯುತ್ತಿತ್ತು. ಹೋರಿಯ ಬದಲು ಕೊಳವೆ ಬಂದಮೇಲೆ ಆ ಹೊಣೆ ಮನುಷ್ಯನ ಮೇಲೆ ಬಿದ್ದಿತು.

ಈ ಹೊಣೆಯನ್ನು ಹಗುರಮಾಡಲು ಹಾರ್ಮೋನುಗಳನ್ನೇ ಬಳಸುವ ಕ್ರಮವೊಂದನ್ನು ೧೯೯೫ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದರು. ಮೊದಲು ಜಿ.ಎನ್.ಆರ್.ಎಚ್. ಚುಚ್ಚುಮದ್ದು, ೭ ದಿನಗಳ ಮೇಲೆ ಪ್ರೋಸ್ಟಾಗ್ಲಾಂಡಿನ್, ೨ ದಿನಗಳ ಮೇಲೆ ಮತ್ತೆ ಜಿ.ಎನ್.ಆರ್.ಎಚ್.; ಅನಂತರ ೧೬ರಿಂದ ೨೦ ಗಂಟೆಗಳೊಳಗೆ, ಬೆದೆಯನ್ನು ನೋಡದೆಯೇ, ವೀರ್ಯದಾನ. ಮೊದಲನೆಯದು ಹೊಸ ಪುಟಕದ ಅಲೆಯನ್ನು ಎಬ್ಬಿಸುವುದು, ಎರಡನೆಯದು ಪೀತಪಿಂಡವನ್ನು ಕರಗಿಸುವುದು, ಮೂರನೆಯದು ಉಕ್ಕನ್ನು ತರುವುದು. ಮೆದುಳು ೨೧ ದಿನಗಳಲ್ಲಿ ಮಾಡುವುದನ್ನು ಇಲ್ಲಿ ಸಂಕ್ಷೇಪಿಸಿದೆ.

ಆದರೆ ಇದರ ಮೇರೆಯನ್ನು ಅರಿಯಬೇಕು. ಪೀತಪಿಂಡವೇ ಇಲ್ಲದ ಹಸುವಿಗೆ ಪ್ರೋಸ್ಟಾಗ್ಲಾಂಡಿನ್ ಕೊಟ್ಟರೆ ಕರಗಿಸುವುದಕ್ಕೆ ವಸ್ತುವೇ ಇರುವುದಿಲ್ಲ. ಗಬ್ಬದ ಹಸುವಿಗೆ ತಿಳಿಯದೆ ಕೊಟ್ಟರೆ ಕಂದು ಹಾಕುವುದು. ಮೇವಿಲ್ಲದೆ ಸೊರಗಿದ ಹಸುವಿನಲ್ಲಿ ಚುಚ್ಚುಮದ್ದು ಒಮ್ಮೆ ಅಂಡವನ್ನು ಹೊರಡಿಸಬಹುದು, ಮೆದುಳು ಕಂಡ ಬರಗಾಲವನ್ನು ನೀಗಲಾರದು. ಪಶುವೈದ್ಯನಿಂದ ಅಂಡಾಶಯವನ್ನು ಪರೀಕ್ಷಿಸಿಸದೆ ಮದ್ದು ಕೊಡಿಸುವುದೂ, ಪರೀಕ್ಷಿಸಿಸದೆ ಗೊಡ್ಡೆಂದು ಮಾರುವುದೂ ಸಮಾನವಾದ ಅವಿಚಾರ.

ಇದರಿಂದ ನಿಷ್ಪನ್ನವಾದ ಅರ್ಥವಿಷ್ಟು. ಗರ್ಭಧಾರಣಶಕ್ತಿಯು ಹಸುವಿನಲ್ಲಿ ಒಮ್ಮೆ ಇದ್ದು ಒಮ್ಮೆ ಇಲ್ಲವಾಗುವ ವಸ್ತುವಲ್ಲ. ಮೇವು, ಕರು, ಬೆಳಕು, ಅಂಜಿಕೆ ಇವುಗಳ ವರದಿಯನ್ನು ಕೇಳಿ ಮೆದುಳು ಕೊಡುವ ಅಥವಾ ಹಿಂದೆಗೆಯುವ ಸಮ್ಮತಿ. ಆದಕಾರಣ ಬೆದೆಗೆ ಬಾರದ ಹಸುವಿನ ಮುಂದೆ ಕೇಳತಕ್ಕ ಮೊದಲ ಪ್ರಶ್ನೆ ‘ಇದರ ಗರ್ಭಕೋಶಕ್ಕೆ ಏನಾಗಿದೆ’ ಎಂಬುದಲ್ಲ, ‘ಇದರ ಮೆದುಳಿಗೆ ಯಾವ ವರದಿ ಮುಟ್ಟಿದೆ’ ಎಂಬುದು. ಆ ವರದಿಯ ಬಹುಭಾಗವನ್ನು ಬರೆಯುವವನು ಕೊಟ್ಟಿಗೆಯ ಒಡೆಯನೇ.